ಪಂಪು ಬಿಚ್ಚುವ ಮೊದಲು: ನಿಂತಲ್ಲೇ ಏರಿಳಿಯುವ ಹಳೇ ಡೀಸೆಲ್ ಗಾಡಿ ಮತ್ತು ನಮ್ಮ ಸಂಘದ ಸಾಲ

(ನಾಲ್ಕು ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಹುಣಸೂರು ತಾಲ್ಲೂಕಿನ ಸದಸ್ಯೆಯೊಬ್ಬರು ಆಡಿದ ಮಾತುಗಳು)



ಇಂಥ ಸಭೆಗಳಲ್ಲಿ ನಾವು ಹಸು, ಹೊಲಿಗೆ, ಉಳಿತಾಯದ ವಿಚಾರ ಮಾತಾಡ್ತೇವೆ. ನಾನು ಇವತ್ತು ಲಾರಿ ಇಂಜಿನ್ ವಿಚಾರ ಮಾತಾಡ್ತೀನಿ ಅಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದು ಕೇಳಿಸ್ತು. ನಗಿ, ಪರವಾಗಿಲ್ಲ. ಆದರೆ ಊರಿಗೆ ಹೋದಮೇಲೆ ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿ. ಮದುವೆ, ಆಸ್ಪತ್ರೆ, ಹಸು ಆದಮೇಲೆ "ಗಾಡಿ ರಿಪೇರಿ" ಅಂತ ಎಷ್ಟು ಕಡೆ ಬರೆದಿದೆ ಎಣಿಸಿ. ಆಮೇಲೆ ನಗೋಣ.

ನಮ್ಮನೆಯಲ್ಲಿ ಒಂದು ಹಳೇ ಡೀಸೆಲ್ ಗಾಡಿ ಇದೆ. ನಾಲ್ಕು ಸಿಲಿಂಡರ್, ಸೆಕೆಂಡ್ ಹ್ಯಾಂಡ್. ಅದಕ್ಕೆ ಸಂಘದಿಂದ 60 ಸಾವಿರ ಸಾಲ ತಗೊಂಡಿದ್ದೆ. ಶುಂಠಿ, ಬಾಳೆಕಾಯಿ, ಸೀಜನ್ ಬಂದರೆ ಕಟ್ಟೆಮಳಲವಾಡಿ ಮತ್ತು ಕಂಪಲಾಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲು, ಇವನ್ನೆಲ್ಲ ನಮ್ಮ ಯಜಮಾನರು ಬಾಡಿಗೆಗೆ ಸಾಗಿಸ್ತಾರೆ. ಗಾಡಿ ಓಡಿದ ದಿನ ಕಂತು ಬರುತ್ತೆ. ನಿಂತ ದಿನ ಇಲ್ಲ.

ಒಂದು ಸಲ ಸೀಜನ್ ಮಧ್ಯದಲ್ಲಿ ಗಾಡಿಗೆ ಒಂದು ಕಾಯಿಲೆ ಬಂತು. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಬಹಳ ಹೊತ್ತು ಸೆಲ್ಫ್ ಹೊಡೀಬೇಕು. ಸ್ಟಾರ್ಟ್ ಆದಮೇಲೆ ಆಕ್ಸಿಲೇಟರ್ ಮುಟ್ಟದೆ ಬಿಟ್ಟರೆ ಶಬ್ದ ತಾನಾಗೇ ಏರುತ್ತೆ, ಇಳಿಯುತ್ತೆ, ಇನ್ನೇನು ಆಫ್ ಆಯ್ತು ಅನ್ನುವಾಗ ಮತ್ತೆ ಏರುತ್ತೆ. ಮೆಕ್ಯಾನಿಕ್‌ಗಳು ಇದಕ್ಕೆ "ಹಂಟಿಂಗ್" ಅಂತಾರೆ. ಒಬ್ಬರ ಹತ್ತಿರ ತೋರಿಸಿದ್ವಿ. ನಿಂತಲ್ಲೇ ಕೇಳಿ, "ಪಂಪು ಹೋಗಿದೆ, ಬಿಚ್ಚಬೇಕು, 18 ಸಾವಿರ ಆಗುತ್ತೆ" ಅಂದರು. ನಾನು ಸಂಘದಲ್ಲಿ ಮತ್ತೆ ಸಾಲ ಕೇಳಿದೆ. ಮೊದಲಿನ ಸಾಲದ ಎರಡು ಕಂತು ಆಗಲೇ ಬಾಕಿ ಇತ್ತು. ಆಗ ನಮ್ಮ ಸಂಘದ ಹಿರಿಯಜ್ಜಿ, ಓದು ಬರಹ ಇಲ್ಲದವರು, ಕೇಳಿದ್ರು: "ಪಂಪೇ ಹೋಗೈತೆ ಅಂತ ಹೆಂಗವ್ವ ಗೊತ್ತಾಯ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಒಂದು ಪ್ರಶ್ನೆಯಿಂದ ಕಲಿತದ್ದನ್ನೇ ಇವತ್ತು ಹೇಳೋದು.

ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದ ದೊಡ್ಡಪ್ಪ ಒಬ್ಬರು ನಮ್ಮ ಸಂಬಂಧದಲ್ಲಿದ್ದಾರೆ. ಅವರನ್ನು ಕರೆಸಿದ್ವಿ. ಬಂದವರು ಸ್ಪ್ಯಾನರ್ ಮುಟ್ಟಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿಸಿ, ಬಾನೆಟ್ ತೆಗೆಸಿ, ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನನ್ನನ್ನೂ ಹತ್ತಿರ ಕರೆದು ಹೇಳಿದ್ರು.

ಏರಿಳಿತ ಯಾಕೆ ಬರುತ್ತೆ?

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಬಿಸಿ ಮಾಡಿ, ಅದಕ್ಕೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತೆ. ಎಷ್ಟು ಡೀಸೆಲ್ ಬಿಡಬೇಕು ಅಂತ ಹಳೇ ಗಾಡಿಗಳಲ್ಲಿ ಲೆಕ್ಕ ಹಾಕೋದು ಪಂಪಿನ ಒಳಗಿರುವ ಗವರ್ನರ್. ಇಂಜಿನ್ ನಿಧಾನ ಆದರೆ ಹೆಚ್ಚು ಬಿಡುತ್ತೆ, ಜೋರಾದರೆ ಕಡಿಮೆ ಮಾಡುತ್ತೆ. ನಮ್ಮ ಬ್ಯಾರನ್‌ನಲ್ಲಿ ಸೊಪ್ಪು ಬೇಯಿಸೋದನ್ನು ನೆನಪು ಮಾಡಿಕೊಳ್ಳಿ. ಕಾವು ಇಳೀತು ಅಂತ ಸೌದೆ ತುರುಕುತ್ತೇವೆ. ಸೌದೆ ಹಸಿ ಇದ್ದರೆ ತಡವಾಗಿ ಹತ್ತುತ್ತೆ. ಅಷ್ಟರಲ್ಲಿ ಇನ್ನೂ ನಾಲ್ಕು ಸೌದೆ ಹಾಕಿರ್ತೇವೆ. ಆಮೇಲೆ ಕಾವು ಮಿತಿ ಮೀರುತ್ತೆ, ಗಾಬರಿಯಲ್ಲಿ ಹೊರಗೆ ಎಳೀತೇವೆ. ಗವರ್ನರ್‌ನ ಪಾಡೂ ಇದೇ. ಡೀಸೆಲ್ ಜೊತೆ ಗಾಳಿ ಸೇರಿ ಬಂದರೆ, ಅಥವಾ ಕಸ ಕಟ್ಟಿ ತಡವಾಗಿ ಬಂದರೆ, ಅದು ಬಿಟ್ಟಿದ್ದು ಒಂದು, ತಲುಪಿದ್ದು ಒಂದು. ಅದಕ್ಕೇ ಏರಿಳಿತ. ಎಂದರೆ ತಪ್ಪು ಗವರ್ನರ್‌ದೇ ಆಗಿರಬೇಕಿಲ್ಲ. ಹಸಿ ಸೌದೆಗೆ ಬೆಂಕಿ ಹಾಕುವವಳನ್ನು ಬೈದ ಹಾಗೆ ಆಗುತ್ತೆ.

ಮೊದಲು ಕಿವಿ, ಆಮೇಲೆ ಕಣ್ಣು

ದೊಡ್ಡಪ್ಪ ಎರಡು ಶಬ್ದ ಬೇರೆ ಮಾಡಿ ತೋರಿಸಿದರು. ಜೋಕಾಲಿಯ ಹಾಗೆ ಒಂದೇ ಸಮ ಏರಿ ಇಳಿದರೆ ಅನುಮಾನ ಡೀಸೆಲ್ ಬರುವ ದಾರಿಯ ಮೇಲೆ, ಕಡೆಗೆ ಗವರ್ನರ್ ಮೇಲೆ. ಏರಿಳಿತ ಇಲ್ಲದೆ ಕುಂಟುವವರ ನಡಿಗೆಯ ಹಾಗೆ ಒಂದು ಏಟು ತಪ್ಪಿ ತಪ್ಪಿ ಗಾಡಿ ನಡುಗಿದರೆ, ಅದು "ಮಿಸ್ಸಿಂಗ್". ಆಗ ಅನುಮಾನ ಒಂದು ಸಿಲಿಂಡರ್ ಮೇಲೆ, ಅದರ ನಾಝಲ್ ಮೇಲೆ.

ಹೊಗೆಯನ್ನೂ ನೋಡಬೇಕು. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ ಇಲ್ಲವೇ ಗಾಳಿ ಸಾಲದು. ಏರ್ ಫಿಲ್ಟರ್ ಕಟ್ಟಿದ್ದರೂ ಬರುತ್ತೆ. ಇಂಜಿನ್ ಬಿಸಿಯಾದಮೇಲೂ ಕಣ್ಣು ಉರಿಸುವ ಬಿಳಿ ಹೊಗೆ ಬಂದರೆ ಡೀಸೆಲ್ ಸರಿಯಾಗಿ ಉರೀತಿಲ್ಲ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರೀತಿದೆ.

ಕಡಿಮೆ ಖರ್ಚಿನಿಂದ ಹೆಚ್ಚಿನ ಖರ್ಚಿನ ಕಡೆಗೆ

ಅವರು ಹಿಡಿದ ಕ್ರಮ ಹೀಗಿತ್ತು.

ಒಂದು, ಟ್ಯಾಂಕು. ಡೀಸೆಲ್ ಎಷ್ಟಿದೆ? ಮುಚ್ಚಳದಲ್ಲಿ ಗಾಳಿ ಆಡುವ ಸಣ್ಣ ತೂತು ಮುಚ್ಚಿದೆಯೇ? ಮುಚ್ಚಳ ಸಡಿಲಿಸಿದ ಕೂಡಲೇ ಇಂಜಿನ್ ಸರಿಹೋದರೆ ರೋಗ ಅಲ್ಲೇ ಇದೆ. ಖರ್ಚು ಏನೂ ಇಲ್ಲ.

ಎರಡು, ನೀರು ಮತ್ತು ಫಿಲ್ಟರ್. ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ. ನೀರಿದ್ದರೆ ತಳದಲ್ಲಿ ನಿಲ್ಲುತ್ತೆ. ಡೀಸೆಲ್ ಮೇಲೆ ತೇಲುತ್ತೆ. ಫಿಲ್ಟರ್ ಯಾವಾಗ ಹಾಕಿದ್ದು ಅಂತ ನೆನಪಿಲ್ಲದಿದ್ದರೆ ಹೊಸದು ಹಾಕೋದೇ ಲೇಸು.

ಮೂರು, ಗಾಳಿ. ನಮ್ಮ ಗಾಡಿಯಲ್ಲಿ ಸಿಕ್ಕಿದ್ದು ಇದೇ. ಹೊಲದ ಮೋಟರಿಗೆ ಸಕ್ಷನ್ ಪೈಪಿನಲ್ಲಿ ಬಿರುಕಿದ್ದರೆ ನೀರು ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ ಅಲ್ಲವೇ? ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಹೀಗೇ ಎಳೆದುಕೊಂಡು ಬರುತ್ತೆ. ಅಲ್ಲಿ ಬಿರುಕಿದ್ದರೆ ನೆಲದ ಮೇಲೆ ಒಂದು ತೊಟ್ಟೂ ಕಾಣದಿರಬಹುದು. ರಾತ್ರಿ ಆ ಬಿರುಕಿನಿಂದ ಗಾಳಿ ನುಗ್ಗಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತೆ. ಅದಕ್ಕೇ ಬೆಳಿಗ್ಗೆ ಅಷ್ಟು ಹೊತ್ತು ಸೆಲ್ಫ್ ಹೊಡೀಬೇಕಾಗಿದ್ದು.

ಇದನ್ನು ಖಚಿತ ಮಾಡೋಕೆ ದೊಡ್ಡಪ್ಪ ಟ್ಯಾಂಕಿನ ಪೈಪು ಬಿಚ್ಚಿ, ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ಒಂದು ಪಾರದರ್ಶಕ ಪೈಪನ್ನು ಫೀಡ್ ಪಂಪಿಗೆ ಕೊಟ್ಟರು. ವಾಪಸ್ ಬರುವ ಪೈಪನ್ನೂ ಕ್ಯಾನಿಗೇ ಬಿಟ್ಟರು. ಕೈಪಂಪು ಒತ್ತಿ, ಏರ್ ತೆಗೆದು, ಸ್ಟಾರ್ಟ್ ಮಾಡಿದರು. ಒಂದೆರಡು ನಿಮಿಷದಲ್ಲಿ ಇಂಜಿನ್ ಸಮಾಧಾನವಾಗಿ ನಿಂತಿತು. ಪಂಪು ಅದೇ, ಗವರ್ನರ್ ಅದೇ, ನಾಝಲ್ ಅದೇ. ಬದಲಾದದ್ದು ಟ್ಯಾಂಕು ಮತ್ತು ಪೈಪು ಮಾತ್ರ. ಹಾಗಾದರೆ ತಪ್ಪು ಎಲ್ಲಿದೆ? ನನಗೇ ಹೇಳೋಕೆ ಬಂತು. ಹುಡುಕಿದರೆ ರಬ್ಬರ್ ಪೈಪು ಕ್ಲಿಪ್ಪಿನ ಕೆಳಗೆ ಒಣಗಿ ಸೀಳಿತ್ತು. ಪೈಪು, ಎರಡು ಕ್ಲಿಪ್ಪು, ತಾಮ್ರದ ವಾಷರ್, ಫಿಲ್ಟರ್ ಸೇರಿ ಖರ್ಚು 640 ರೂಪಾಯಿ.

ನಾಲ್ಕು, ಸಿಲಿಂಡರ್. ಇಲ್ಲಿಗೂ ಸರಿಹೋಗದಿದ್ದರೆ ಮೆಕ್ಯಾನಿಕ್ ಒಂದೊಂದೇ ನಾಝಲ್ ಪೈಪಿನ ನಟ್ಟು ಸಡಿಲಿಸಿ ಕೇಳ್ತಾರೆ. ಯಾವುದನ್ನು ಸಡಿಲಿಸಿದರೂ ಶಬ್ದ ಬದಲಾಗಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ಮಾಡ್ತಿರಲಿಲ್ಲ ಅಂತ ಅರ್ಥ. ಇದು ನಾವು ಮಾಡುವ ಕೆಲಸ ಅಲ್ಲ, ನೋಡುವ ಕೆಲಸ. ಆ ಪೈಪಿನಲ್ಲಿರುವ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹಾಗೇನಾದರೂ ಆದರೆ ಗಾಯ ಸಣ್ಣದು ಅಂತ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಂಪ್ಯೂಟರ್ ಇರುವ ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ ಇನ್ನೂ ಎಷ್ಟೋ ಪಟ್ಟು ಹೆಚ್ಚು. ಅಲ್ಲಿ ಈ ಪರೀಕ್ಷೆ ಮಾಡಲೇಬಾರದು.

ಐದು, ಎಲ್ಲಕ್ಕೂ ಕೊನೆಗೆ ಪಂಪು. 1951ರಲ್ಲಿ ಶುರುವಾದ ಮೈಕೋ ಕಂಪನಿ ನಮ್ಮ ಬೆಂಗಳೂರಿನಲ್ಲೇ ಈ ಪಂಪುಗಳನ್ನು ಮಾಡ್ತಾ ಬಂತು. 2008ರಲ್ಲಿ ಅದರ ಹೆಸರು ಬಾಷ್ ಆದರೂ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ "ಮೈಕೋ ಪಂಪು". ಕೂದಲೆಳೆಗಿಂತ ಸಣ್ಣ ಅಳತೆಯ ಭಾಗಗಳು ಅದರೊಳಗಿವೆ. ಅದನ್ನು ರಸ್ತೆ ಬದಿಯಲ್ಲಿ ಬಿಚ್ಚುವಂತಿಲ್ಲ. ಟೆಸ್ಟ್ ಬೆಂಚ್ ಇರುವ ಕಡೆಯೇ ಕೊಡಬೇಕು. ಇನ್ನು ಕೆಲವರು ಸ್ಕ್ರೂ ತಿರುಗಿಸಿ ಸ್ಲೋ ಸ್ಪೀಡ್ ಏರಿಸಿ ಕಳಿಸ್ತಾರೆ. ಅದರಿಂದ ಕಾಯಿಲೆ ಮುಚ್ಚುತ್ತೆ, ವಾಸಿ ಆಗಲ್ಲ. ಡೀಸೆಲ್ ಮಾತ್ರ ಹೆಚ್ಚು ಕುಡಿಯುತ್ತೆ.

ಒಂದು ಎಚ್ಚರಿಕೆ. ಓಡುವ ಇಂಜಿನ್ ಹತ್ತಿರ ಹೋಗುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಕಟ್ಟಿಕೊಳ್ಳಿ, ಫ್ಯಾನ್ ಬೆಲ್ಟಿನಿಂದ ದೂರ ಇರಿ. ಹತ್ತಿರ ಯಾರೂ ಬೀಡಿ ಹಚ್ಚಬಾರದು.

ಸಂಘದಲ್ಲಿ ಕೇಳಬೇಕಾದ ಪ್ರಶ್ನೆಗಳು

ಆ ಮೆಕ್ಯಾನಿಕ್ ಮೋಸ ಮಾಡಿದರು ಅಂತ ನಾನು ಹೇಳ್ತಿಲ್ಲ. ನಾವು ಕೇಳಲಿಲ್ಲ, ಅವರು ನೋಡಲಿಲ್ಲ. ಮುಂದಿನ ವರ್ಷ ಅದೇ ಗಾಡಿ ಮಿಸ್ಸಿಂಗ್ ಹೊಡೆದಾಗ ಮೂರನೇ ಸಿಲಿಂಡರಿನ ನಾಝಲ್ ನಿಜವಾಗಿಯೂ ಹೋಗಿತ್ತು. ಪರೀಕ್ಷೆ ಮಾಡಿ ತೋರಿಸಿದರು, ದುಡ್ಡು ಕೊಟ್ಟು ಮಾಡಿಸಿದ್ವಿ. ಖರ್ಚು ಮಾಡಬಾರದು ಅಂತಲ್ಲ, ಕಾರಣ ತಿಳಿದು ಮಾಡಬೇಕು ಅಂತ.

ಈಗ ನಮ್ಮ ಸಂಘದಲ್ಲಿ ಯಾರೇ ಗಾಡಿ ರಿಪೇರಿಗೆ ಸಾಲ ಕೇಳಿದರೂ ನಾಲ್ಕು ಪ್ರಶ್ನೆ ಕೇಳ್ತೇವೆ. ಕಾಯಿಲೆ ತಣ್ಣಗಿದ್ದಾಗಲೋ ಬಿಸಿಯಾದಾಗಲೋ? ಫಿಲ್ಟರ್, ಪೈಪು, ಟ್ಯಾಂಕು ನೋಡಿ ಆಯ್ತಾ? ಕ್ಯಾನಿನ ಪರೀಕ್ಷೆ ಮಾಡಿದ್ರಾ? ಬಿಚ್ಚಿದ ಹಳೇ ಸಾಮಾನು ಮತ್ತು ಬಿಲ್ಲು ತರ್ತೀರಾ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೀತೇವೆ. ಸಾಲ ಕೊಡಬಾರದು ಅಂತ ಕೇಳೋದಲ್ಲ. ಆ ದುಡ್ಡು 16 ಮನೆಯ ಹೆಂಗಸರು ವಾರವಾರ ಕೂಡಿಟ್ಟಿದ್ದು ಅಂತ ಕೇಳೋದು.

ನಮ್ಮ ಗಾಡಿ ಆ ಸಲ ಎರಡು ದಿನ ನಿಂತು ಮೂರನೇ ದಿನ ಲೋಡಿಗೆ ಹೋಯ್ತು. ಬಾಕಿ ಇದ್ದ ಎರಡು ಕಂತನ್ನೂ ಆ ಸೀಜನ್‌ನಲ್ಲೇ ಕಟ್ಟಿದೆ. 18 ಸಾವಿರದ ಸಾಲದ ಅರ್ಜಿಯನ್ನು ನಾನೇ ವಾಪಸ್ ತಗೊಂಡೆ. ಆವತ್ತು ಅಜ್ಜಿ, "ನಂಗೆ ಇಂಜಿನ್ ಗೊತ್ತಿಲ್ಲ ಕಣವ್ವ, ಗೊತ್ತಿಲ್ಲದ್ದಕ್ಕೇ ಕೇಳ್ದೆ" ಅಂದರು.

ನೀವೂ ಕೇಳಿ.