ಗಂಡಕಿ ದಂಡೆಯ ಕುಮಾಲರು



ನೇಪಾಳದಲ್ಲಿ ಕಾಳಿ ಗಂಡಕಿ, ತ್ರಿಶೂಲಿ ನದಿಗಳು ಬೆಟ್ಟಗಳ ನಡುವೆ ಹರಿಯುವ ತಗ್ಗುಗಳಲ್ಲಿ ಕುಮಾಲ್ ಎಂಬ ಜನರಿದ್ದಾರೆ. ಕುಮಾಲ್, ಕುಂಬಾರ: ಎರಡೂ ಸಂಸ್ಕೃತದ ಕುಂಭಕಾರದಿಂದ ಬಂದ ಮಾತುಗಳು. ಆದರೆ ಕುಮಾಲರು ಬರಿಯ ಒಂದು ಕಸುಬಿನವರಲ್ಲ, ತಮ್ಮದೇ ನುಡಿಯುಳ್ಳ ಒಂದು ಬುಡಕಟ್ಟು. ಭಕ್ತಪುರದಲ್ಲಿ ಪ್ರವಾಸಿಗರು ಕಾಣುವ ನೇವಾರ ಕುಂಬಾರರು ಬೇರೆ, ಇವರು ಬೇರೆ.

ಜೇಡಿಮಣ್ಣು ಅಗೆದು ತಂದು, ಕಲ್ಲು ಹರಳು ಆರಿಸಿ, ತುಳಿದು ಹದಮಾಡಿ, ತಿಗರಿಯ ಮೇಲೆ ಕೊಡ, ಗಡಿಗೆ, ಚಿಲುಮೆ ಎತ್ತುತ್ತಿದ್ದರು. ಸುಟ್ಟ ಮಡಕೆಗಳನ್ನು ಹೊತ್ತು ಗುಡ್ಡ ಹತ್ತಿದರೆ ಹಣದ ಮಾತಿಲ್ಲ; ಮಡಕೆ ಹಿಡಿಸುವಷ್ಟು ಧಾನ್ಯವೇ ಅದರ ಬೆಲೆ. ಇದಕ್ಕಿಂತ ನೇರವಾದ ಅಳತೆ ನನಗೆ ಗೊತ್ತಿಲ್ಲ. ಜೊತೆಗೆ ಹೊಳೆಯ ಮೀನು, ಗದ್ದೆಯ ಭತ್ತ.

ಆ ಗದ್ದೆಗಳದೇ ಒಂದು ದುಃಖದ ಕಥೆ. ಹೊಳೆಯಂಚಿನ ತಗ್ಗು ಮಲೇರಿಯಾದ ಮನೆ. ಮೇಲಿನ ಗುಡ್ಡದವರು ರಾತ್ರಿ ಅಲ್ಲಿ ತಂಗಲೂ ಅಂಜುತ್ತಿದ್ದರು. ಕುಮಾಲರು ಆ ಜ್ವರದ ನೆಲದಲ್ಲೇ ಬಾಳಿದರು. 1950ರ ದಶಕದಿಂದ ಸೊಳ್ಳೆಗೆ ಡಿಡಿಟಿ ಹೊಡೆದು ಜ್ವರ ತಗ್ಗುತ್ತಿದ್ದಂತೆ ಗುಡ್ಡದವರು ಕೆಳಗಿಳಿದು ಬಂದರು. ಓದು ಬರಹ, ಕಾಗದಪತ್ರ ಬಲ್ಲವರ ಮುಂದೆ, ಸಾಲದ ಲೆಕ್ಕದ ಮುಂದೆ, ಮಣ್ಣು ಬಲ್ಲವರು ಸೋತರು.

ಸೋಲು ಅದಕ್ಕೂ ಹಿಂದೆ ಕಾನೂನಿನಲ್ಲೇ ಇತ್ತು. ಆಗಿನ ಪ್ರಧಾನಿ ಜಂಗ್ ಬಹಾದೂರ್ ರಾಣಾ 1854ರಲ್ಲಿ ತಂದ ಮುಲುಕಿ ಐನ್ ಎಂಬ ಕಾನೂನು ನೇಪಾಳದ ಜನರನ್ನೆಲ್ಲ ಮೇಲು ಕೀಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿತು. ಹೆಂಡ ಕುಡಿಯುವವರು ಎಂಬ ವರ್ಗದಲ್ಲೂ ಎರಡು ಪಾಲು: ಗುಲಾಮರನ್ನಾಗಿ ಮಾಡಬಾರದವರು, ಮಾಡಬಹುದಾದವರು. ಥಾರು, ಚೇಪಾಂಗ್ ಜನರೊಡನೆ ಕುಮಾಲರನ್ನೂ ಎರಡನೆಯ ಪಾಲಿಗೆ ಬರೆದರು. ಊರಿನ ಒಲೆಗೆಲ್ಲ ಗಡಿಗೆ ಕೊಟ್ಟವರಿಗೆ ಸಿಕ್ಕ ಜಾಗ ಅದು. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗುಲಾಮಗಿರಿ ಹೋಗಲು 1925ರವರೆಗೆ ಕಾಯಬೇಕಾಯಿತು. ಆದಿವಾಸಿ ಜನಾಂಗವೆಂಬ ಕಾನೂನಿನ ಮನ್ನಣೆ ಬಂದದ್ದು 2002ರಲ್ಲಿ.

2011ರ ಜನಗಣತಿಯಲ್ಲಿ ಅವರು 1,21,196 ಮಂದಿ. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಅಡುಗೆಮನೆ ಹೊಕ್ಕ ಮೇಲೆ ಮಡಕೆ ಕೇಳುವವರು ಕಡಿಮೆ, ಸೌದೆಯೂ ಸುಲಭವಲ್ಲ. ತಿಗರಿ ಬಿಟ್ಟ ಮನೆಗಳ ಮಕ್ಕಳು ದುಡಿಮೆಗೆಂದು ದೂರದ ನಾಡುಗಳಿಗೆ ಹೋಗಿದ್ದಾರೆ. ಆದರೂ ತಿಹಾರ್ ಹಬ್ಬದಲ್ಲಿ ದೀಪ ಹಚ್ಚಲು ಮಣ್ಣಿನ ಹಣತೆ ಬೇಕು. ತಿಗರಿ ಬಿಡದ ಮನೆಗಳಲ್ಲಿ ಆ ದಿನಗಳಲ್ಲಿ ಮತ್ತೆ ಮಣ್ಣು ಕಲಸುತ್ತಾರೆ.