ಎದೆ ತೆರೆಯದೆ ಹೃದಯದ ಕವಾಟ: ಈ ಚಿಕಿತ್ಸೆ ಹುಟ್ಟಿದ್ದು ಯಾರಿಗಾಗಿ?

ಮಳವಳ್ಳಿ ತಾಲ್ಲೂಕಿನ ಬ್ಲಫ್ ವಿದ್ಯುದಾಗಾರದ ಕೊಳವೆಗಳಲ್ಲಿ ಧುಮುಕಿದ ಕಾವೇರಿ, 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಳು. ಗೇಟು ಸರಿಯಾಗಿ ತೆರೆಯದಿದ್ದರೆ ಅಲ್ಲಿ ಚಕ್ರ ಬೇಕಾದಷ್ಟು ತಿರುಗದು. ಹೃದಯದ ಕವಾಟವೂ ಅಂಥದೇ ಬಾಗಿಲು. ಗಟ್ಟಿಯಾಗಿ ಕಿರಿದಾದರೆ ಹೃದಯ ಎಷ್ಟು ತಿಣುಕಿದರೂ ಮೈಗೆ ರಕ್ತ ಸಾಲದು. 1960ರ ದಶಕದಿಂದ ಎದೆ ತೆರೆದು ಕೃತಕ ಕವಾಟ ಕೂರಿಸುವುದು ಸಾಧ್ಯವಾಯಿತು. ಆದರೆ ಆ ಶಸ್ತ್ರಚಿಕಿತ್ಸೆಯನ್ನು ತಾಳಲಾರದವರ ಗತಿಯೇನು? ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ರಕ್ತನಾಳದೊಳಗೆ ತೂರಿಸಿ ಕೂರಿಸುವ ಕವಾಟದ ಇತಿಹಾಸವೆಲ್ಲ ಈ ಪ್ರಶ್ನೆಗೆ ಹುಡುಕಿದ ಉತ್ತರ. ಅದರ ಹಿರಿಮೆ ಗಾಯ ಚಿಕ್ಕದು ಎಂಬುದರಲ್ಲಿಲ್ಲ, ವೈದ್ಯರು ಕೈಬಿಟ್ಟವರನ್ನು ತಲುಪಿದ್ದರಲ್ಲಿದೆ.

1982ರಲ್ಲಿ ಜಪಾನಿನ ಕಾಂಜಿ ಇನೋವೆ ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳಿಸಿ, ಹೃದಯದ ಎಡ ಕೋಣೆಗಳ ನಡುವೆ ಅಂಟಿಕೊಂಡಿದ್ದ ಮೈಟ್ರಲ್ ಕವಾಟವನ್ನು ಬಿಡಿಸಿದರು. 1985ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಮೈಗೆ ರಕ್ತ ಬಿಡುವ ಅಯೋರ್ಟಿಕ್ ಕವಾಟಕ್ಕೂ, ವೃದ್ಧರಲ್ಲಿ, ಬಲೂನ್ ಹಾಕಿದರು. ಆ ಕವಾಟ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿತ್ತು. ಬಲೂನ್ ಸಾಲದು, ಕವಾಟವೇ ಬೇಕು ಎಂಬ ಪಾಠ ಅಲ್ಲಿ ಸಿಕ್ಕಿತು. 2002ರ ಏಪ್ರಿಲ್ 16ರಂದು, ಶಸ್ತ್ರಚಿಕಿತ್ಸಕರು ಆಗದೆಂದಿದ್ದ 57 ವರ್ಷದ ರೋಗಿಗೆ, ಲೋಹದ ಜಾಲರಿಗೆ ಹೊಲಿದ ಮಡಚುವ ಕವಾಟವನ್ನು ಕ್ರಿಬಿಯೆ ತೊಡೆಯ ದಾರಿಯಿಂದಲೇ ಕೂರಿಸಿದರು. 2010ರ ಪಾರ್ಟ್ನರ್ ಅಧ್ಯಯನ ಈ ದಾರಿ ಸರಿಯೆಂದು ತೋರಿಸಿತು: ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರಲ್ಲಿ ಒಂದು ವರ್ಷದೊಳಗಿನ ಸಾವು, ಎಂದಿನ ಚಿಕಿತ್ಸೆಯಲ್ಲಿ ಶೇ. 50.7 ಇದ್ದದ್ದು ಹೊಸ ಕವಾಟ ಪಡೆದವರಲ್ಲಿ ಶೇ. 30.7ಕ್ಕೆ ಇಳಿಯಿತು.

ಹಾಗಾದರೆ ಎಲ್ಲರಿಗೂ ಇದೇ ಏಕಾಗಬಾರದು ಎಂದು ಕೇಳಬಹುದು. ಈ ಕವಾಟ ಅಂಗಾಂಶದ್ದಾದ್ದರಿಂದ ಕಾಲಕ್ರಮೇಣ ಸವೆಯುತ್ತದೆ, ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ದೀರ್ಘ ಬದುಕು ಮುಂದಿರುವ ಯುವಕರಿಗೆ ಶಸ್ತ್ರಚಿಕಿತ್ಸೆಯೇ ಹಲವು ಬಾರಿ ಮೇಲು. ದುಬಾರಿ ಎಂಬ ಆಕ್ಷೇಪವೂ ನಿಜ. ಭಾರತದಲ್ಲೇ ತಯಾರಾಗುವ ಮೈವಾಲ್‌ನಂಥ ಕವಾಟಗಳು ಬಂದರೂ ಬಡವರಿಗೆ ಅದಿನ್ನೂ ಭಾರವೇ. ಆದರೆ ದುಬಾರಿ ಎಂಬುದು ಚಿಕಿತ್ಸೆಯನ್ನು ತಳ್ಳಿಹಾಕಲು ಕಾರಣವಲ್ಲ, ಸರ್ಕಾರಿ ವ್ಯವಸ್ಥೆ ಅದನ್ನು ಹೊರಬೇಕು ಎನ್ನಲು ಕಾರಣ. ಕೀಲುವಾತ ಜ್ವರದಿಂದ ಕೆಟ್ಟ ಮೈಟ್ರಲ್ ಕವಾಟಗಳಿಗೆ ಬಲೂನ್ ಹಾಕುವುದರಲ್ಲಿ ಹೆಸರಾದದ್ದು ಸರ್ಕಾರದ ಅಧೀನದ ಜಯದೇವ ಹೃದ್ರೋಗ ಸಂಸ್ಥೆಯೇ. ಬಡವರನ್ನು ತಲುಪುವುದು ಅಸಾಧ್ಯವಲ್ಲವೆಂದು ಅದು ತೋರಿಸಿದೆ.

ಮಂಡ್ಯ ಸೀಮೆಯ ವೀಕ್ಷಕರೇ, ಕವಾಟ ಕೆಡಿಸುವ ಆ ಕೀಲುವಾತಕ್ಕೆ ದಾರಿಯಾಗಬಲ್ಲ ಮಕ್ಕಳ ಗಂಟಲುನೋವು, ಕೀಲು ಊತದ ಜ್ವರವನ್ನು ಹಗುರಾಗಿ ಕಾಣಬೇಡಿ. ಹಿರಿಯರು ನಾಲ್ಕು ಹೆಜ್ಜೆ ಹತ್ತಿ ಏದುಸಿರು ಬಿಟ್ಟರೆ, ತಲೆಸುತ್ತಿ ಬಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಒಮ್ಮೆ ಹೃದಯದ ಎಕೋ ಸ್ಕ್ಯಾನ್ ಮಾಡಿಸಿ.