ತೊರೊಂಗ್ ಲಾ ದಾಟುವಾಗ

ನೇಪಾಳದ ಅನ್ನಪೂರ್ಣಾ ಚಾರಣದಲ್ಲಿ ತೊರೊಂಗ್ ಲಾ ಎಂಬ ಪಾಸ್ ದಾಟಬೇಕು. ಎತ್ತರ 5,416 ಮೀಟರ್. ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಹೆಚ್ಚುಕಡಿಮೆ ಅರ್ಧ. ಬೂಟಿನ ಲೇಸ್ ಕಟ್ಟಲು ಬಗ್ಗಿದರೂ ಏದುಸಿರು. ಜಿಮ್ಮಿನಲ್ಲಿ ಬೆಳೆಸಿದ ಮೈಕಟ್ಟಿಗೆ ಇಲ್ಲಿ ರಿಯಾಯಿತಿಯಿಲ್ಲ. ಅದಕ್ಕೇ ಮನಾಂಗ್ ಊರಿನಲ್ಲಿ ಒಂದು ದಿನ ಹೆಚ್ಚಿಗೆ ತಂಗುವುದು ವಾಡಿಕೆ. ಹಗಲು ಮೇಲೆ ಹತ್ತಿ, ರಾತ್ರಿ ಕೆಳಗಿಳಿದು ಮಲಗಿದರೆ ದೇಹ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಆ ಒಂದು ದಿನ ಉಳಿಸಲು ಹೋದವರಿಗೆ ತಲೆನೋವು, ವಾಂತಿ, ಕೆಲವೊಮ್ಮೆ ಪ್ರಾಣಾಪಾಯ.

ಹೊತ್ತೇರಿದಂತೆ ಗಾಳಿ ಜೋರಾಗುವುದರಿಂದ ನಸುಕಿಗೆ ಮುಂಚೆಯೇ ಹೊರಡುತ್ತಾರೆ. 2014ರ ಅಕ್ಟೋಬರ್‌ನ ಹಿಮಬಿರುಗಾಳಿ ಈ ಭಾಗದಲ್ಲಿ 40ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮೋಡ ನೋಡಿ ಹಿಂದಿರುಗುವವರನ್ನು ಪುಕ್ಕಲರೆಂದು ನಗುವವರಿದ್ದಾರೆ. ನನ್ನ ಮಟ್ಟಿಗೆ ಹಿಂದಿರುಗುವವರೇ ಜಾಣರು.

ಆಚೆ ಇಳಿದರೆ ಮುಕ್ತಿನಾಥ, ಅದರ 108 ಧಾರೆಗಳು. ನಮ್ಮ ಯಾತ್ರಿಕರು ಜೀಪು ಹತ್ತಿ ತಲುಪುವ ಅದೇ ಕ್ಷೇತ್ರ! ಕೆಳಗೆ ಹರಿಯುವ ಕಾಳಿ ಗಂಡಕಿಯಿಂದಲೇ ನಮ್ಮ ದೇವರಮನೆಗೆ ಸಾಲಿಗ್ರಾಮ ಬಂದದ್ದು. ಅದರೊಳಗಿನ ಚಕ್ರ, ಟೆಥಿಸ್ ಸಮುದ್ರದಲ್ಲಿದ್ದ ಅಮೋನೈಟ್ ಎಂಬ ಜೀವಿಯ ಚಿಪ್ಪಿನ ಗುರುತು. ಭಾರತದ ಭೂಫಲಕ ಏಷ್ಯಾವನ್ನು ಒತ್ತಿದಾಗ ಆ ಕಡಲತಳವೇ ಮೇಲೆದ್ದು ಪರ್ವತವಾಯಿತು. ಒತ್ತುವುದು ಇನ್ನೂ ನಿಂತಿಲ್ಲ.